ಬಾಗಿಲಲ್ಲಿ ಕೂರುವಂತಿಲ್ಲ

ಆ ಕಟ್ಟಡದಲ್ಲಿ ಮನೆ ಕೊಳ್ಳಲು ಕೈಯಲ್ಲಿ ದುಡ್ಡಿದ್ದರೆ ಸಾಲದು, ಮೊದಲು ಅಲ್ಲಿರುವವರಿಗೆ ನಿಮ್ಮ ಮುಖ ಹಿಡಿಸಬೇಕು. ಅದು ಸಹಕಾರಿ ಕಟ್ಟಡ. ಯಾರಿಗೂ ಅವರವರ ಮನೆ ಸ್ವಂತವಲ್ಲ. ಎಲ್ಲರಿಗೂ ಸೇರಿ ಇಡೀ ಕಟ್ಟಡ ಸ್ವಂತ, ಒಬ್ಬೊಬ್ಬರದು ಒಂದೊಂದು ಪಾಲು. ಸಹಕಾರ ಎಂಬ ಮಾತಿಗೆ ಅಲ್ಲಿ ಉಳಿದಿದ್ದ ಅರ್ಥ ಇಷ್ಟೇ: ಒಳಗಿದ್ದವರೆಲ್ಲ ಸೇರಿ ಹೊರಗಿನವರನ್ನು ಬರಗೊಡದಿರುವುದು.

ಟೀಚರಮ್ಮನಿಗೆ ಅಲ್ಲಿಗೆ ಹೋಗುವ ಮನಸ್ಸು ಎಳ್ಳಷ್ಟೂ ಇರಲಿಲ್ಲ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ, ಖಂಡಗಳು, ಸಾಗರಗಳು, ಮಾರುತಗಳು ಎಂದು ಗಂಟಲು ಹರಿದುಕೊಂಡು ನಿವೃತ್ತಳಾದವಳು. ಗಂಡ ಕೆಳಗಿನ ಕೋರ್ಟಿನಲ್ಲಿ ಜಡ್ಜ್ ಆಗಿದ್ದವರು. ಇಬ್ಬರೂ ಹಳೆಯ ಬಾಡಿಗೆ ಮನೆಯಲ್ಲಿ ಹಾಯಾಗಿದ್ದರು, ಒಂದು ಬೆಳಿಗ್ಗೆ ಜಡ್ಜ್ ಸಾಹೇಬರು ಮೆಟ್ಟಿಲಲ್ಲಿ ಜಾರಿ ಕೈ ಉಳುಕಿಸಿಕೊಳ್ಳುವವರೆಗೆ. ಅದೇ ನೆಪ ಸಾಕಾಯಿತು ಮಗಳಿಗೆ.

"ಅಲ್ಲಿ ಎಲ್ಲಾ ಅವರೇ ನೋಡ್ಕೋತಾರಮ್ಮ," ಎಂದಳು ಮಗಳು. "ಬಾಗಿಲು ತೆಗೆಯೋಕೆ ಜನ, ಲಿಫ್ಟಿಗೆ ಜನ, ಕಸಕ್ಕೆ ಜನ, ಬಟ್ಟೆಗೆ ಜನ. ನೀವಿಬ್ಬರೂ ಸುಮ್ನೆ ಕೂತಿದ್ರೆ ಆಯ್ತು."

"ಸುಮ್ನೆ ಕೂರೋದು ನಿಮ್ಮಪ್ಪನಿಗೆ ಚೆನ್ನಾಗಿ ಬರುತ್ತೆ," ಎಂದಳು ಟೀಚರಮ್ಮ. "ಸಂಬಳ ತಗೊಂಡು ಮಾಡಿದ ಕೆಲಸವೇ ಅದು."

ಜಡ್ಜ್ ಸಾಹೇಬರು ಪತ್ರಿಕೆಯ ಪುಟ ತಿರುವಿದರು. ಮನೆಯಲ್ಲಿ ಅವರು ತೀರ್ಪು ಕೊಟ್ಟಿದ್ದನ್ನು ಯಾರೂ ಕೇಳಿರಲಿಲ್ಲ. ವಿಚಾರಣೆ ಮುಂದೂಡುವುದರಲ್ಲೇ ಸಂಸಾರ ಕಳೆದಿತ್ತು.

ಕೊಳ್ಳುವ ಮುಂಚೆ ಸಂದರ್ಶನ. ಕಟ್ಟಡದ ನೆಲಮಹಡಿಯಲ್ಲಿ, ಗೋಡೆಗೆಲ್ಲ ಮರ ಹೊದಿಸಿದ ಒಂದು ಕೋಣೆಯಲ್ಲಿ, ಸಮಿತಿ ಕುಳಿತಿತ್ತು. ನಡುವೆ ಅಧ್ಯಕ್ಷೆ. ಬಚ್ಚಲುಮನೆಯ ನಲ್ಲಿಗಳನ್ನು ಮಾರಿ ದೊಡ್ಡವನಾದ ಒಬ್ಬ ವ್ಯಾಪಾರಿಯ ವಿಧವೆ. ನೀರಿನ ನಲ್ಲಿಯಿಂದ ಬಂದ ಸಂಪತ್ತು ಎಂಬುದನ್ನು ಮರೆಸಲೋ ಏನೋ, ಆಕೆ ಕುತ್ತಿಗೆಯನ್ನು ಕೆಳಗೆ ಬಗ್ಗಿಸುತ್ತಲೇ ಇರಲಿಲ್ಲ. ಟೀಚರಮ್ಮ ಆ ಕ್ಷಣವೇ ಮನಸ್ಸಿನಲ್ಲಿ ಆಕೆಗೆ 'ಮಹಾತಾಯಿ' ಎಂದು ಹೆಸರಿಟ್ಟಳು. ಪಕ್ಕದಲ್ಲಿ ಕಾರ್ಯದರ್ಶಿ, ಹಲ್ಲಿನ ಡಾಕ್ಟರು. ಆತ ಯಾರ ಕಣ್ಣನ್ನೂ ನೋಡುತ್ತಿರಲಿಲ್ಲ, ಮಾತಾಡುವವರ ಬಾಯಿಯೊಳಗೇ ದೃಷ್ಟಿ.

"ನಿಮ್ಮ ಮನೆಗೆ ನೆಂಟರು ಬಂದ್ರೆ ಎಷ್ಟು ದಿನ ಇರ್ತಾರೆ?" ಎಂದು ಮಹಾತಾಯಿ ಕೇಳಿದಳು.

"ಯಾವ ನೆಂಟರು ಅನ್ನೋದರ ಮೇಲೆ," ಎಂದಳು ಟೀಚರಮ್ಮ. "ನನ್ನ ಕಡೆಯವರಾದ್ರೆ ಊಟ ಮಾಡಿ ಹೋಗ್ತಾರೆ. ಇವರ ಕಡೆಯವರು ನಾವು ಹೊರಡೋ ಹಾಗೆ ಮಾಡ್ತಾರೆ."

ಜಡ್ಜ್ ಸಾಹೇಬರು ಮೇಜಿನಡಿಯಲ್ಲಿ ಅವಳ ಕಾಲು ತುಳಿದರು. ಅವರ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಎಷ್ಟೋ ಜನರನ್ನು ಕಟಕಟೆಯಲ್ಲಿ ನಿಲ್ಲಿಸಿದ ಮನುಷ್ಯ, ನಲ್ಲಿ ವ್ಯಾಪಾರಿಯ ವಿಧವೆಯ ಮುಂದೆ ಕರವಸ್ತ್ರ ಹಿಂಡುತ್ತಿದ್ದದ್ದನ್ನು ನೋಡಿ ಟೀಚರಮ್ಮನಿಗೆ ಮೈಯೆಲ್ಲ ಉರಿಯಿತು. ಆದರೆ 'ಜಡ್ಜ್' ಎಂಬ ಪದಕ್ಕೆ ಅಲ್ಲಿ ಬೆಲೆಯಿತ್ತು. ಒಳಗೆ ಬಿಟ್ಟುಕೊಂಡರು. ಅಂದಿನಿಂದ ಅವಳು ಆ ಕಟ್ಟಡಕ್ಕೆಲ್ಲ 'ಜಡ್ಜಮ್ಮ'. ತಾನು ಕಲಿಸಿದ ಭೂಗೋಳವೆಲ್ಲ ಒಂದೇ ಏಟಿಗೆ ಸಮುದ್ರದ ಪಾಲಾಯಿತು ಎಂದುಕೊಂಡಳು.

ಮಗಳು ಹೇಳಿದ್ದು ಸುಳ್ಳಲ್ಲ. ಅಲ್ಲಿ ಉಸಿರಾಟವೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಜನರಿದ್ದರು. ಲಿಫ್ಟಿನಲ್ಲಿ ಗುಂಡಿ ಒತ್ತಲು ಬಿಳಿ ಕೈಗವಸು ತೊಟ್ಟವನೊಬ್ಬ ಎತ್ತರದ ಕಂಬದ ಹಾಗೆ ನಿಂತಿರುತ್ತಿದ್ದ. ಮನೆಯ ಮುಂದೆ ಕಸದ ಚೀಲ ಇಟ್ಟು ಬಾಗಿಲು ಹಾಕಿದರೆ ಸಾಕು, ಮತ್ತೆ ತೆಗೆಯುವಷ್ಟರಲ್ಲಿ ಅದು ಮಾಯ. ನಾಯಿಗಳನ್ನು ಹೊರಗೆ ಕರೆದೊಯ್ಯಲು ಬೇರೆ ಒಬ್ಬಳು. ಇಷ್ಟೆಲ್ಲ ಅನುಕೂಲದ ನಡುವೆ ಇದ್ದವರ ಮುಖದಲ್ಲಿ ಮಾತ್ರ ಯಾವಾಗಲೂ ಹಲ್ಲುನೋವು. ಕೈಗೆ ಕೆಲಸವಿಲ್ಲದ್ದರಿಂದ ಅವರೆಲ್ಲ ಮೂಗಿಗೆ ಕೆಲಸ ಕೊಟ್ಟಿದ್ದರು: ಯಾವ ಮನೆಯಿಂದ ಒಗ್ಗರಣೆಯ ವಾಸನೆ, ಯಾವ ಮಹಡಿಯಲ್ಲಿ ಸಿಗರೇಟು, ಯಾರ ಚಪ್ಪಲಿ ಬಾಗಿಲ ಹೊರಗೆ.

ಮುಂಬಾಗಿಲಲ್ಲಿ ನಿಲ್ಲುತ್ತಿದ್ದವನನ್ನು ಎಲ್ಲರೂ 'ಮೀಸೆ' ಎನ್ನುತ್ತಿದ್ದರು. ಹಿತ್ತಾಳೆ ಗುಂಡಿಗಳ ಉದ್ದನೆಯ ಕೋಟು, ಟೋಪಿ, ಎರಡೂ ಕಡೆ ಚೂಪಾಗಿ ತಿರುವಿದ ಬೂದು ಮೀಸೆ. ಟೀಚರಮ್ಮನಿಗೂ ಅವನಿಗೂ ಮೊದಲ ದಿನದಿಂದಲೇ ಆಗಿಬರಲಿಲ್ಲ. ಅವಳು ಸಂತೆಯಿಂದ ಬಟ್ಟೆಚೀಲದಲ್ಲಿ ತರಕಾರಿ ಹೊತ್ತು ತಂದರೆ ಅವನ ಹುಬ್ಬು ಗಂಟಾಗುತ್ತಿತ್ತು.

"ಅಮ್ಮಾವ್ರೇ, ನೀವು ಚೀಲ ಹೊತ್ಕೊಂಡು ಈ ಬಾಗಿಲಲ್ಲಿ ಬಂದ್ರೆ ನನ್ನ ಮರ್ಯಾದೆ ಏನಾಗ್ಬೇಕು? ಹಿಂದಿನ ಬಾಗಿಲಿಗೆ ಕಳಿಸಿ, ಮೇಲೆ ಬರುತ್ತೆ."

"ನನ್ನ ಸೊಪ್ಪು ನನ್ನ ಜೊತೆಗೇ ಬರುತ್ತೆ."

"ಸೊಪ್ಪಿಗೇನು ತಾಯಿ, ಬೇರೆಯವರು ನೋಡ್ತಾರಲ್ಲ."

ಯಜಮಾನರಿಗಿಂತ ಇವನ ಜಂಭವೇ ಹೆಚ್ಚು ಎಂದು ಅವಳು ಗೊಣಗಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಹೊರಗಿನಿಂದ ಬಂದಾಗ ಬಾಗಿಲು ತೆರೆಯಲಿಲ್ಲ. ಗಾಜಿನ ಮೂಲಕ ನೋಡಿದರೆ ಮೀಸೆ ಕಂಬಕ್ಕೆ ಭುಜ ಆನಿಸಿ, ಒಂದು ಕಾಲು ಮೇಲೆತ್ತಿ, ಕೊಕ್ಕರೆಯ ಹಾಗೆ ನಿಂತಿದ್ದ. ಕಣ್ಣು ಮುಚ್ಚಿತ್ತು. ಅವಳೇ ಬಾಗಿಲು ತಳ್ಳಿ ಒಳಗೆ ಬಂದಳು. ಅವನು ಗಡಬಡಿಸಿ ನೆಟ್ಟಗಾದ.

"ಏನಾಗಿದೆ ಕಾಲಿಗೆ?"

"ಏನಿಲ್ಲ ಅಮ್ಮಾವ್ರೇ, ಜೋಮು."

"ಪ್ಯಾಂಟು ಎತ್ತು ನೋಡೋಣ."

ಅವನು ಅತ್ತ ಇತ್ತ ನೋಡಿ ಒಂದಿಷ್ಟು ಎತ್ತಿದ. ಮೀನಖಂಡದ ಮೇಲೆ ನರಗಳು ನೀಲಿಗಟ್ಟಿ ಗಂಟುಗಂಟಾಗಿ ಉಬ್ಬಿದ್ದವು. ನಡುನಡುವೆ ಕೂತುಕೊಳ್ಳದಿದ್ದರೆ ಕಾಲು ಹುಣ್ಣಾಗುತ್ತದೆ ಎಂದು ಡಾಕ್ಟರು ಹೇಳಿದ್ದಾರಂತೆ. ಬಾಗಿಲಲ್ಲಿ ಒಂದು ಕುರ್ಚಿ ಕೊಡಿ ಎಂದು ಕೆಲಸದವರೆಲ್ಲ ಸೇರಿ ಸಮಿತಿಯನ್ನು ಕೇಳಿದ್ದಾರಂತೆ. ಉತ್ತರ ಇನ್ನೂ ಬಂದಿಲ್ಲವಂತೆ.

ಉತ್ತರ ಆ ವಾರವೇ ಬಂತು. ಕಟ್ಟಡದ ಸಭೆಯಲ್ಲಿ ಮಹಾತಾಯಿ ಎದ್ದು ನಿಂತು, "ಬಾಗಿಲಲ್ಲಿ ಆಳು ಕೂತಿದ್ರೆ ಅದನ್ನ ಮನೆ ಅನ್ನಲ್ಲ, ಬಸ್ ಸ್ಟ್ಯಾಂಡ್ ಅಂತಾರೆ," ಎಂದಳು. ಎಲ್ಲರೂ ನಕ್ಕು, ಕುರ್ಚಿ ಬೇಡವೆಂದು ಕೈಯೆತ್ತಿದರು. ಟೀಚರಮ್ಮ ಕೈ ಎತ್ತಲಿಲ್ಲ. ಪಕ್ಕಕ್ಕೆ ತಿರುಗಿದರೆ ಜಡ್ಜ್ ಸಾಹೇಬರ ಕೈ ಅರ್ಧ ಮೇಲೆದ್ದು ಅಲ್ಲೇ ನಿಂತಿತ್ತು, ತಲೆ ಕೆರೆಯುವುದೋ ಮತ ಹಾಕುವುದೋ ಎಂದು ಅದಕ್ಕೇ ಗೊತ್ತಿಲ್ಲದ ಹಾಗೆ.

ಮಾರನೆಯ ಬೆಳಿಗ್ಗೆ ಕಟ್ಟಡದಲ್ಲಿ ಒಬ್ಬ ಕೆಲಸಗಾರನೂ ಇರಲಿಲ್ಲ. ಎದುರಿನ ಫುಟ್‌ಪಾತಿನ ಮೇಲೆ ಎಲ್ಲರೂ ಸಾಲಾಗಿ ನಿಂತಿದ್ದರು. ನಡುವೆ ಮೀಸೆ, ಕೋಟು ಟೋಪಿ ಇಲ್ಲದೆ, ಮಾಸಲು ಸ್ವೆಟರಿನಲ್ಲಿ ಇನ್ಯಾರೋ ಆಗಿಹೋಗಿದ್ದ. ಕೈಯಲ್ಲಿ ಒಂದು ರಟ್ಟು: 'ನಮಗೂ ಕಾಲಿದೆ.'

ಆಮೇಲೆ ನಡೆದದ್ದನ್ನು ಟೀಚರಮ್ಮ ಮನಸಾರೆ ಆನಂದಿಸಿದಳು. ಹಡಗಿನ ಕಂಪನಿಯ ಯಜಮಾನನೊಬ್ಬ ಲಿಫ್ಟಿನೊಳಗೆ ಹೋಗಿ, ಗುಂಡಿ ಒತ್ತಬೇಕೆಂಬುದು ಹೊಳೆಯದೆ, ಅದು ಹೊರಡಲಿ ಎಂದು ಗಂಭೀರವಾಗಿ ಕಾಯುತ್ತಾ ನಿಂತಿದ್ದ. ಕಸದ ಚೀಲಗಳು ಮಾಯವಾಗುವುದನ್ನು ಬಿಟ್ಟವು. ಕಾರಿಡಾರಿನಲ್ಲಿ ಕೊಳೆತ ವಾಸನೆ ತುಂಬಿದ ಮೇಲೆ ಜನ ತಮ್ಮ ಬಾಗಿಲ ಚೀಲವನ್ನು ಯಾರೂ ಇಲ್ಲದಾಗ ಪಕ್ಕದವರ ಬಾಗಿಲಿಗೆ ಸರಿಸಿದರು. ಪಕ್ಕದವರು ಆಚೆಯವರ ಬಾಗಿಲಿಗೆ. ಸಹಕಾರ ಎಂದರೇನೆಂದು ಆಗ ಕಂಡಿತು. ನಾಯಿಗಳನ್ನು ಸ್ವತಃ ಹೊರಗೆ ಕರೆದೊಯ್ದ ಹೆಂಗಸರಿಗೆ ತಮ್ಮ ನಾಯಿ ಏನೇನು ಮಾಡುತ್ತದೆಂದು ಮೊದಲ ಸಲ ತಿಳಿಯಿತು.

ಬಾಗಿಲು ಕಾಯಲು ಮನೆಮನೆಯವರು ಸರದಿ ನಿಲ್ಲಬೇಕೆಂದು ಸಮಿತಿ ತೀರ್ಮಾನಿಸಿತು. ಯಾರೂ ಮುಂದೆ ಬರಲಿಲ್ಲ. ಆಗ ಮಹಾತಾಯಿ ಖುದ್ದಾಗಿ ಟೀಚರಮ್ಮನ ಮನೆಗೆ ಬಂದಳು.

"ಸಾಹೇಬರೇ, ನಿಮ್ಮಂಥ ತೂಕದವರು ಬಾಗಿಲಲ್ಲಿದ್ರೆ ಆ ಜನಕ್ಕೆ ಸ್ವಲ್ಪ ಹೆದರಿಕೆ ಇರುತ್ತೆ. ಅಂದಹಾಗೆ, ಸಮಿತಿಗೂ ಕಾನೂನು ತಿಳಿದವರು ಒಬ್ಬರು ಬೇಕು ಅಂತ ಮಾತಾಡ್ಕೊಂಡಿದೀವಿ."

ಜಡ್ಜ್ ಸಾಹೇಬರ ಕಿವಿಯ ತುದಿ ಕೆಂಪಾಯಿತು. ನಿವೃತ್ತರಾದ ಮೇಲೆ ಅವರನ್ನು ಯಾರೂ ಯಾವುದಕ್ಕೂ ಬೇಕು ಎಂದಿರಲಿಲ್ಲ. ಮಹಾತಾಯಿ ಹೋದ ಮೇಲೆ ಬೀರುವಿನಿಂದ ಹಳೆಯ ಕರಿ ಕೋಟು ಹೊರಬಂತು.

"ಅಲ್ರೀ, ನಾಚಿಕೆ ಆಗಲ್ವಾ?" ಎಂದಳು ಟೀಚರಮ್ಮ. "ಅವರ ಹೊಟ್ಟೆ ಮೇಲೆ ಹೊಡೆಯೋಕೆ ನೀವು ಕೋಲು ಆಗ್ತೀರಾ?"

"ಬಾಗಿಲು ತೆಗೀಬೇಕು ಅಷ್ಟೇ ಅಲ್ವೇನೇ," ಎಂದರು ಅವರು ಕೋಟಿನ ಧೂಳು ಕೊಡವುತ್ತಾ. "ಅದರಲ್ಲಿ ಪಕ್ಷ ವಹಿಸೋದು ಏನು ಬಂತು?"

ಅವಳು ಕಿಟಕಿಯಿಂದ ನೋಡಿದಳು. ಜಡ್ಜ್ ಸಾಹೇಬರು ಹೊರಗೆ ನಿಂತು ಬಾಗಿಲು ತೆಗೆದರು, ಮುಚ್ಚಿದರು. ಒಳಹೋಗುವವರಿಗೆಲ್ಲ ತಲೆಬಾಗಿಸಿದರು. ಮಧ್ಯಾಹ್ನದ ಹೊತ್ತಿಗೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸತೊಡಗಿದರು. ಆಮೇಲೆ ಗೋಡೆಗೆ ಒರಗಿದರು. ಎದುರು ಫುಟ್‌ಪಾತಿನ ಮೇಲೆ ಮೀಸೆ ಇದನ್ನೆಲ್ಲ ನೋಡುತ್ತಾ ನಿಂತಿದ್ದ.

ಅಷ್ಟರಲ್ಲಿ ಒಳಗಿನಿಂದ ಮಹಾತಾಯಿ ಹೊರಬಂದಳು. ಹಿಂದೆ ಹಲ್ಲಿನ ಡಾಕ್ಟರು, ಎದೆಗವಚಿಕೊಂಡ ಒಂದು ಕುರ್ಚಿಯೊಂದಿಗೆ. ಮಹಾತಾಯಿಯ ದಿವಾನಖಾನೆಯದು: ಬಾಗಿದ ಕಾಲುಗಳು, ಕೆಂಪು ಮಖಮಲ್ಲಿನ ಮೆತ್ತೆ, ಬೆನ್ನಿಗೆ ಕೆತ್ತನೆ. ಅದನ್ನು ಬಾಗಿಲ ಹೊರಗೆ, ಪಕ್ಕದಲ್ಲಿ ಇಟ್ಟರು. ಮಹಾತಾಯಿ ಮೆತ್ತೆಯನ್ನು ಕೈಯಲ್ಲಿ ತಟ್ಟಿ ಏನೋ ಹೇಳಿದಳು. ಜಡ್ಜ್ ಸಾಹೇಬರು ಕೈಮುಗಿದು ಕೂತರು. ಕೂತು ಕಾಲು ಚಾಚಿದರು.

ಟೀಚರಮ್ಮನಿಗೆ ಲಿಫ್ಟು ಕಾಯುವಷ್ಟು ಸಹನೆ ಇರಲಿಲ್ಲ. ಮೆಟ್ಟಿಲಿಳಿದೇ ಬಂದಳು.

"ಏಳಿ."

"ಯಾಕೆ?"

"ನೀವು ಎಲ್ಲಿ ಕೂತಿದೀರಾ ಗೊತ್ತಾ?"

"ಕುರ್ಚೀಲಿ. ಅವರೇ ತಂದುಕೊಟ್ಟರು. 'ನಿಮ್ಮಂಥವರು ನಿಂತ್ಕೋಬಾರದು' ಅಂದ್ರು."

"ಹೌದೌದು, ನಿಂತ್ಕೊಳ್ಳೋಕೆ ಅಂತಲೇ ಹುಟ್ಟಿದ ಬೇರೆ ಜಾತಿಯ ಕಾಲಿದೆಯಲ್ಲ, ರಸ್ತೆ ಆ ಕಡೆ. ಕೋರ್ಟಲ್ಲಿ ನಿಮ್ಮ ಹಿಂದೆ ಒಬ್ಬ ಜವಾನ ನಿಂತಿರ್ತಿದ್ದನಲ್ಲ, ಅವನು ಕೂತಿದ್ದು ಯಾವತ್ತಾದ್ರೂ ನೋಡಿದೀರಾ?"

ಜಡ್ಜ್ ಸಾಹೇಬರು ಯೋಚಿಸಿದರು. ನಿಜವಾಗಿಯೂ ಯೋಚಿಸಿದರು.

"ಇಲ್ಲ," ಎಂದರು.

"ಅವನ ಹೆಸರು?"

ಅವರು ಚಾಚಿದ ಕಾಲನ್ನು ಒಳಗೆಳೆದುಕೊಂಡರು. ಮೆಲ್ಲಗೆ ಎದ್ದರು. ಟೀಚರಮ್ಮ ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಮೊಣಕಾಲಿಗೆ ತಾಗಿಸಿಕೊಳ್ಳುತ್ತಾ, ರಸ್ತೆ ದಾಟಿ, ಏದುಸಿರು ಬಿಡುತ್ತಾ ಮೀಸೆಯ ಮುಂದೆ ಕುಕ್ಕಿದಳು.

"ಕೂತ್ಕೋ."

ಮೀಸೆ ಕುರ್ಚಿಯನ್ನು ನೋಡಿದ, ಅವಳನ್ನು ನೋಡಿದ.

"ಬೇಡ ಅಮ್ಮಾವ್ರೇ."

"ಯಾಕೆ ಬೇಡ? ಕಾಲು ನೋಯ್ತಿಲ್ವಾ?"

"ನೋಯ್ತಿದೆ. ಆದ್ರೆ ಬೀದೀಲಿ ಕೂರೋಕೆ ನಾನು ಯಾರನ್ನೂ ಕೇಳ್ಬೇಕಾಗಿಲ್ಲ, ಈ ಕಟ್ಟೆ ಮೇಲೇ ಕೂರ್ತೀನಿ. ನಾನು ಕೇಳಿದ್ದು ಅಲ್ಲಿ, ನಾನು ಕೆಲಸ ಮಾಡೋ ಜಾಗದಲ್ಲಿ. ಇದು ಅವರ ದಿವಾನಖಾನೆ ಸಾಮಾನು. ದಯವಿಟ್ಟು ತಗೊಂಡ್ಹೋಗಿ, ನಮ್ಮ ತಲೆಗೆ ಬರುತ್ತೆ."

ಟೀಚರಮ್ಮನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಇಷ್ಟು ಜನರೆದುರು ಇಂಥ ದೊಡ್ಡ ಕೆಲಸ ಮಾಡಿದರೆ, ಈ ಮನುಷ್ಯನಿಗೆ ಒಂದಿಷ್ಟು ಕೃತಜ್ಞತೆ ಬೇಡವೇ? ವಾಪಸು ಹೊರುವುದಕ್ಕೆ ಅಭಿಮಾನ ಅಡ್ಡ ಬಂತು. "ಹಾಗಾದ್ರೆ ಇಲ್ಲೇ ಬಿದ್ದಿರಲಿ, ಅವಳ ಕಣ್ಣಿಗೆ ಕಾಣಲಿ," ಎಂದು ಕುರ್ಚಿಯನ್ನು ಫುಟ್‌ಪಾತಿನ ಅಂಚಿಗೆ ತಳ್ಳಿ ಹಿಂತಿರುಗಿದಳು. ಕೆಲಸದವರು ಚಹಾ ಕುಡಿಯಲು ಮೂಲೆಯ ಅಂಗಡಿಗೆ ಹೋದರು. ಅವರು ಬರುವಷ್ಟರಲ್ಲಿ ಕುರ್ಚಿ ಇರಲಿಲ್ಲ. ಆ ಊರಿನಲ್ಲಿ ಬೀದಿಗೆ ಬಿದ್ದದ್ದು ಬಿಟ್ಟದ್ದೆಂದೇ ಲೆಕ್ಕ. ಯಾವನೋ ಹಳೆಯ ಸಾಮಾನಿನವನು ಅದೃಷ್ಟ ಹೊಗಳಿಕೊಂಡು ಗಾಡಿಗೆ ಹೇರಿರಬೇಕು.

ಸಂಜೆ ತುರ್ತು ಸಭೆ. ಮರ ಹೊದಿಸಿದ ಕೋಣೆಯಲ್ಲಿ ಎಲ್ಲರೂ ಮೂಗು ಮುಚ್ಚಿಕೊಂಡು ಕೂತಿದ್ದರು, ಹೊರಗಿನ ಕಸದ ವಾಸನೆ ಅಲ್ಲಿಗೂ ಬಂದಿತ್ತು. ಮಹಾತಾಯಿಯ ಕಣ್ಣು ಮಾತ್ರ ಫಳಫಳ. ಕುರ್ಚಿ ಹೋದ ದುಃಖಕ್ಕಿಂತ ಕುರ್ಚಿ ಹೋದದ್ದರ ಉಪಯೋಗ ಆಕೆಗೆ ಹೊಳೆದಿತ್ತು.

"ಕಳ್ಳತನ ಆಗಿದೆ," ಎಂದಳು. "ಆ ಮೀಸೆ, ಅವನ ಗುಂಪು. ನಮ್ಮೆದುರಿಗೇ ಎತ್ಕೊಂಡು ಹೋಗಿದಾರೆ. ನಾಳೆ ಬೆಳಿಗ್ಗೆ ಪೊಲೀಸರಿಗೆ ದೂರು ಕೊಡೋಣ. ಒಂದು ಸಲ ಸ್ಟೇಷನ್ ಮೆಟ್ಟಿಲು ಹತ್ತಿಸಿದ್ರೆ, ಕಾಲುನೋವು ಗೀಲುನೋವು ಎಲ್ಲಾ ತಾನಾಗೇ ಇಳಿಯುತ್ತೆ."

ಟೀಚರಮ್ಮ ಛಂಗನೆ ಎದ್ದಳು. "ಕುರ್ಚಿ ತಗೊಂಡು ಹೋಗಿದ್ದು ನಾನು."

ಕೋಣೆಯಲ್ಲಿ ಗುಜುಗುಜು. ಮಹಾತಾಯಿ ತುಟಿ ಕೊಂಕಿಸಿದಳು.

"ಜಡ್ಜಮ್ಮಾ, ನಿಮ್ಮ ಮೃದು ಹೃದಯ ನಮಗೆ ಗೊತ್ತು. ಅವರನ್ನ ಕಾಪಾಡೋಕೆ ಅಂತ ಏನೇನೋ ಹೇಳ್ಬೇಡಿ. ಈ ವಯಸ್ಸಲ್ಲಿ ಅಷ್ಟು ಭಾರದ ಕುರ್ಚಿ ಎತ್ಕೊಂಡು ರಸ್ತೆ ದಾಟಿದ್ರಾ? ಯಾರು ನೋಡಿದಾರೆ? ಹೊರಗಿನ ಆ ಜನ ಬಿಟ್ಟು ಬೇರೆ ಸಾಕ್ಷಿ ಇದೆಯಾ?"

ಹಲ್ಲಿನ ಡಾಕ್ಟರು ಟೀಚರಮ್ಮನ ಬಾಯಿಯನ್ನೇ ನೋಡುತ್ತಾ, "ಕೂತ್ಕೊಳ್ಳಿ, ಕೂತ್ಕೊಳ್ಳಿ," ಎಂದರು.

ಸಾಕ್ಷಿ ಪಕ್ಕದಲ್ಲೇ ಕೂತಿತ್ತು. ಟೀಚರಮ್ಮ ಗಂಡನ ಕಡೆ ನೋಡಲಿಲ್ಲ. ನೋಡಿ ಪ್ರಯೋಜನವಿಲ್ಲವೆಂದು ಅವಳಿಗೆ ಖಾತ್ರಿಯಿತ್ತು. ಸಮಿತಿಯ ಸ್ಥಾನ ಅವರ ಬಾಯಿಯವರೆಗೆ ಬಂದಿದೆ. ಈಗ ಅವರು ಕರವಸ್ತ್ರ ತೆಗೆಯುತ್ತಾರೆ, ಹಣೆ ಒರೆಸುತ್ತಾರೆ, ಉಗುಳು ನುಂಗುತ್ತಾರೆ.

ಕುರ್ಚಿ ಕಿರುಗುಟ್ಟಿತು. ಜಡ್ಜ್ ಸಾಹೇಬರು ಎದ್ದು ನಿಂತಿದ್ದರು. ಬೆಳಗಿನಿಂದ ನಿಂತು ಊದಿದ ಪಾದಗಳಿಗೆ ಬೂಟು ಹಿಡಿಸದೆ ಮನೆಯ ಚಪ್ಪಲಿಯಲ್ಲೇ ಬಂದಿದ್ದರು.

"ನಾನು ಸಾಕ್ಷಿ," ಎಂದರು. ಸ್ವರ ಸಣ್ಣದಾಗಿತ್ತು, ಆದರೆ ತೊದಲಲಿಲ್ಲ. "ಕುರ್ಚಿಯನ್ನ ಬಾಗಿಲಿಗೆ ತರಿಸಿದವರು ಅಧ್ಯಕ್ಷರು. ಹೊತ್ತು ತಂದವರು ಈ ಡಾಕ್ಟರು. ಕೂತವನು ನಾನು. ನನ್ನನ್ನ ಎಬ್ಬಿಸಿ, ಕುರ್ಚಿ ಎತ್ಕೊಂಡು, ರಸ್ತೆ ದಾಟಿ ಇಟ್ಟವಳು ನನ್ನ ಹೆಂಡತಿ. ಕಣ್ಣಾರೆ ನೋಡಿದೀನಿ. ಬಾಗಿಲಲ್ಲಿದ್ದ ಆ ಮನುಷ್ಯ ಅದನ್ನ ಬೆರಳಿಂದ ಕೂಡ ಮುಟ್ಟಲಿಲ್ಲ."

"ಸಾಹೇಬರೇ," ಎಂದಳು ಮಹಾತಾಯಿ, ದನಿಯಲ್ಲಿ ಸಕ್ಕರೆ ಬೆರೆಸಿ, "ನೀವು ನಮ್ಮವರಲ್ವಾ? ಸ್ವಲ್ಪ ಯೋಚನೆ ಮಾಡಿ ಹೇಳಿ."

"ಮಾಡಿದೀನಮ್ಮ. ನಾಳೆ ಪೊಲೀಸರು ಬಂದ್ರೆ ಮೊದಲು ನನ್ನ ಹೇಳಿಕೆ ಕೊಡ್ತೀನಿ. ದಿವಾನಖಾನೆ ಕುರ್ಚಿ ಬಾಗಿಲಿಗೆ ಯಾಕೆ ಬಂತು ಅಂತ ಅವರು ಕೇಳೇ ಕೇಳ್ತಾರೆ. ನಾನು ಅರ್ಧ ದಿನ ನಿಂತಿದ್ದಕ್ಕೆ ನನಗೆ ಮಖಮಲ್ಲಿನ ಕುರ್ಚಿ ಬಂತು, ಕಾಲು ಹುಣ್ಣಾಗೋ ತನಕ ನಿಂತವನಿಗೆ ಮುರುಕು ಸ್ಟೂಲೂ ಸಿಗಲಿಲ್ಲ ಅಂತ ಹೇಳ್ಬೇಕಾಗುತ್ತೆ. ಪತ್ರಿಕೆಯವರಿಗೂ ಇಂಥದ್ದು ಇಷ್ಟ."

ಅಷ್ಟು ಹೇಳಿ ಕೂತರು. ಕೂತ ಮೇಲೆ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು.

ಪೊಲೀಸರ ಮಾತು ಅಲ್ಲಿಗೆ ನಿಂತಿತು. ಪತ್ರಿಕೆ ಎಂಬ ಪದ ಕೇಳಿ ಹಡಗಿನ ಕಂಪನಿಯ ಯಜಮಾನ ಕೆಮ್ಮಿದ. ಯಾರೋ ಕಸದ ಮಾತೆತ್ತಿದರು, ಇನ್ಯಾರೋ ಇಲಿ ಕಂಡೆ ಎಂದರು. ಇಲಿ ಎಂದೊಡನೆ ಎಲ್ಲರಲ್ಲೂ ಕರುಣೆ ಉಕ್ಕಿ ಹರಿಯಿತು. ಪಾಪ, ಅವರೂ ಮನುಷ್ಯರಲ್ಲವೇ ಎಂದಳು ಬಸ್ ಸ್ಟ್ಯಾಂಡಿನ ಹಾಸ್ಯಕ್ಕೆ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಹೆಂಗಸು.

ಮನೆಗೆ ಬಂದ ಮೇಲೆ ಟೀಚರಮ್ಮ ಬಿಸಿನೀರು ಕಾಯಿಸಿ ಬಕೆಟ್ಟಿಗೆ ಸುರಿದು ಗಂಡನ ಮುಂದಿಟ್ಟಳು. ಅವರು ಪಾದ ಇಳಿಬಿಟ್ಟರು.

"ಎಲ್ಲರೆದುರು ನಿನ್ನ ವಿರುದ್ಧ ಸಾಕ್ಷಿ ಹೇಳಿದ್ದಕ್ಕೆ ಬೇಜಾರಾಯ್ತೇನೇ?"

"ನನ್ನ ಬಗ್ಗೆ ನಾಲ್ಕು ಜನರ ಮುಂದೆ ನೀವು ಬಾಯಿ ಬಿಟ್ಟಿದ್ದೇ ಇದು ಮೊದಲು," ಎಂದಳು ಅವಳು. "ವಿರುದ್ಧವೋ ಪರವೋ, ಅದನ್ನ ಆಮೇಲೆ ನೋಡ್ಕೋತೀನಿ. ನೀರು ಸಾಕಾ, ಇನ್ನೂ ಬಿಸಿ ಬೇಕಾ?"

ಸಮಿತಿ ಕೊನೆಗೆ ಕೊಟ್ಟದ್ದು ಕುರ್ಚಿಯಲ್ಲ, ಬೆನ್ನಿಲ್ಲದ ಎತ್ತರದ ಸ್ಟೂಲು. ಅದನ್ನು ದೊಡ್ಡ ಕುಂಡದ ಗಿಡದ ಹಿಂದೆ ಇಡಬೇಕು, ಕಾರು ನಿಂತ ಸದ್ದಾದರೆ ಏಳಬೇಕು ಎಂದು ಷರತ್ತು. ಟೀಚರಮ್ಮ ಅದನ್ನು ಕೇಳಿ ಕೆರಳಿದಳು. ಮೀಸೆ ವಾಪಸು ಬಂದ ಬೆಳಿಗ್ಗೆ ಕೆಳಗಿಳಿದು, "ಇದಕ್ಕೆ ಒಪ್ಪಿಕೊಂಡ್ಯಾ? ಇಷ್ಟೇನಾ ನಿನ್ನ ಹೋರಾಟ?" ಎಂದಳು.

ಅವನು ಹಿತ್ತಾಳೆ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡು ಮುಗಿಸಿದ. ಸ್ಟೂಲಿನ ಮೇಲೆ ಕೂತು, ಎರಡೂ ಕಾಲನ್ನು ನೆಲದಿಂದ ಮೇಲೆತ್ತಿ, ಕಣ್ಣುಮುಚ್ಚಿ ಉಸಿರುಬಿಟ್ಟ.

"ಕಾಲು ನನ್ನದು ಅಮ್ಮಾವ್ರೇ. ಅದಕ್ಕೆ ಬೆನ್ನು ಬೇಡ. ಇನ್ನೊಂದು ಮಾತು, ತಪ್ಪು ತಿಳ್ಕೋಬೇಡಿ. ಇನ್ಮುಂದೆ ನಮಗೆ ಉಪಕಾರ ಮಾಡೋಕೆ ಮುಂಚೆ ನಮ್ಮನ್ನ ಒಂದು ಮಾತು ಕೇಳಿ. ಸಾಹೇಬರು ಬಾಯಿ ಬಿಡದೆ ಇದ್ದಿದ್ರೆ ನಾನು ಈಗ ಸ್ಟೇಷನ್ನಲ್ಲಿ ನಿಂತಿರ್ತಿದ್ದೆ. ಅಲ್ಲೂ ಕೂರಿಸಲ್ಲ."

ಟೀಚರಮ್ಮ ಲಿಫ್ಟಿನ ಕಡೆ ತಿರುಗಿದಳು. ಅವನು ಹೇಳಿದ್ದು ಸರಿ ಎಂಬುದೇ ಅವಳಿಗೆ ಹೆಚ್ಚು ಕಿರಿಕಿರಿಯಾಯಿತು.

ಜಡ್ಜ್ ಸಾಹೇಬರಿಗೆ ಸಮಿತಿಯ ಸ್ಥಾನ ಸಿಗಲಿಲ್ಲ. ಗಂಡ ಹೆಂಡತಿ ಲಿಫ್ಟಿಗೆ ಬಂದರೆ ಒಳಗಿದ್ದವರಿಗೆ ಏನೋ ಮರೆತದ್ದು ನೆನಪಾಗಿ ಇಳಿದುಬಿಡುತ್ತಿದ್ದರು. ಮೊದಲ ಕೆಲವು ದಿನ ಸಾಹೇಬರ ಮುಖ ಬಾಡಿತು. ನಮಸ್ಕಾರ ತಿಂದು ಬೆಳೆದ ಜೀವ. ಆಮೇಲೆ, ಇಬ್ಬರಿಗೇ ಇಡೀ ಲಿಫ್ಟು ಸಿಗುವುದು ಎಂಥ ಸುಖ ಎಂದು ಅವರಿಗೂ ತಿಳಿಯಿತು. ಮನೆ ಮಾರಿ ಬೇರೆ ಕಡೆ ಹೋಗೋಣ ಎಂದು ಮಗಳು ಫೋನಿನಲ್ಲಿ ಅತ್ತಳು. "ಸುತಾರಾಂ ಇಲ್ಲ," ಎಂದಳು ಟೀಚರಮ್ಮ. "ನಾವು ಹೋದ್ರೆ ಅವರಿಗೆ ಸಂತೋಷ ಆಗುತ್ತೆ. ಅಷ್ಟು ದೊಡ್ಡ ಉಪಕಾರ ನನ್ನ ಕೈಲಾಗಲ್ಲ."

ಸ್ಟೂಲು ಗಿಡದ ಹಿಂದೆ ಬಹಳ ದಿನ ಉಳಿಯಲಿಲ್ಲ. ಊರಿನ ಬೇರೆ ಬೇರೆ ಕಟ್ಟಡಗಳಲ್ಲೂ ಕೆಲಸದವರು ಕೂರುವ ಮಾತೆತ್ತಿದರು. ದಯೆ ಈಗ ದೊಡ್ಡವರ ಹೊಸ ಫ್ಯಾಷನ್ ಆಗಿತ್ತು. ಒಂದು ಬೆಳಿಗ್ಗೆ ಟೀಚರಮ್ಮ ಹೊರಗೆ ಹೊರಟಾಗ ಮಹಾತಾಯಿ ಯಾರೋ ಅತಿಥಿಗಳನ್ನು ಕರೆತಂದು ಬಾಗಿಲಲ್ಲೇ ನಿಲ್ಲಿಸಿದ್ದಳು. ಸ್ಟೂಲು ಗಿಡದ ಮುಂದಕ್ಕೆ ಬಂದಿತ್ತು, ಅದಕ್ಕೊಂದು ಕೆಂಪು ಮೆತ್ತೆಯೂ ಹತ್ತಿತ್ತು.

"ನಮ್ಮಲ್ಲಿ ಮೊದಲಿಂದಲೂ ಹೀಗೇ," ಎನ್ನುತ್ತಿದ್ದಳು ಮಹಾತಾಯಿ. "ಸಿಬ್ಬಂದಿ ಅಂದ್ರೆ ನಮಗೆ ಮನೆಯವರ ಥರ. ಕೂತ್ಕೊಳ್ಳಪ್ಪ ಕೂತ್ಕೋ, ಏಳ್ಬೇಡ. ಅವರಿಗೆ ತೋರಿಸು, ಹೇಗೆ ಕೂರ್ತೀಯಾ."

ಮೀಸೆ ಕೂತು ತೋರಿಸಿದ. ಅತಿಥಿಗಳು ತಲೆದೂಗಿದರು. ಅವರು ಒಳಗೆ ಹೋದ ಮೇಲೆ ಅವನು ಸ್ಟೂಲಿನಿಂದ ಇಳಿಯಲಿಲ್ಲ, ಬಾಗಿಲನ್ನೂ ತೆಗೆಯಲಿಲ್ಲ. ಟೀಚರಮ್ಮ ತಾನೇ ತಳ್ಳಿಕೊಂಡು ಬೀದಿಗೆ ಇಳಿದಳು.